ಗಳದಷ್ಟೇ ದಾರ

ಯಾವುದು ಚಲೋ, ಗಳನೋ ರೀಲೋ ಅಂತ
ಅಂಗಡಿಗಿ ಬಂದವರು ಕೇಳ್ತಾರ.
ಎರಡೂ ಮಾರಾಂವ ನಾ, ಏನಂತ ಹೇಳಲಿ.
ಗೋಡಿಗಿ ಆನಿಸಿದ ಬಿದಿರು ನೂರಾ ಇಪ್ಪತ್ತು,
ಗಾಜಿನ ಕಪಾಟಿನಾಗಿನ ರೀಲು ಮೂರು ಸಾವಿರದ ಮ್ಯಾಲ.
ರೊಕ್ಕ ನೋಡಿ ತಗೋರಿ ಅಂತೀನಿ.
ಹೇಳಬೇಕಾದ್ದು ಬ್ಯಾರೆನೇ ಅದ.

ಹುಸೇನಮ್ಮ ಅತ್ತಿ ಗಳ ಆರಿಸೋದು ನೋಡಬೇಕಿತ್ತು.
ಬಗ್ಗಿಸಿ ನೋಡಾಕಿ, ಗೆಣ್ಣು ಎಣಿಸಾಕಿ,
ತುದಿ ಕಚ್ಚಾಕಿ, ಕಬ್ಬು ಕೊಳ್ಳಾಕ ಬಂದವರಂಗ.
ಒಲಿ ಕಾವಿಗಿ ಹಿಡಿದು ಡೊಂಕು ತಿದ್ದಿ
ಹರಳೆಣ್ಣಿ ಸವರಿ
ಒಂದು ಥಂಡಿಗಾಲ ಪೂರಾ ಜಂತಿಗಿ ಕಟ್ಟಿಡಾಕಿ.
ಗಳ ಎಷ್ಟುದ್ದನೋ ದಾರ ಅಷ್ಟೇ ಉದ್ದ,
ಒಂದು ಗೇಣೂ ಹೆಚ್ಚಿಲ್ಲ.
"ಅದರಾಚಿ ಇದ್ದ ಮೀನ ನಮ್ಮದಲ್ಲ, ಹೊಳಿದು."
ಜೋಳದ ದಂಟಿನ ಬೆಂಡು ನೀರ ಮ್ಯಾಲ ಕುಂತಿರ್ತಿತ್ತು,
ಆಕಿ ದಂಡಿ ಮ್ಯಾಲ ಕುಂತಂಗ.

ದೇವಪುತ್ರ, ಯಾದಗಿರಿ ದವಾಖಾನ್ಯಾಗ ಎಕ್ಸ್‌ರೇ ತೆಗಿಯಾಂವ,
ಆಯತವಾರ ಪ್ರಾರ್ಥನಿ ಮುಗಿಸಿ
ಇಸ್ತ್ರಿ ಮುರಿಯದ ಅಂಗಿಯಾಗೇ ಭೀಮಾ ಹೊಳಿಗಿ ಬರಾಂವ.
ರಾಡು ಜೋಡಿಸಿದರ ಎಲುಬು ಕೂಡಿಸಿದಂಗ,
ಒಂದರಾಗೊಂದು, ಟಕ್, ಟಕ್.
ಬೀಸಿ ಒಗದನಂದ್ರ
ಶಹಾಪುರ ರಸ್ತಾದ ಸೇತುವೆ, ಅದರ ಮೂರನೇ ಕಂಬದ ನೆರಳಿಗಿ
ಹೋಗಿ ಬೀಳ್ತಿತ್ತು ಗಾಳ,
ಅತ್ತಿ ಜಲ್ಮದಾಗ ಮುಟ್ಟದ ನೀರಿಗಿ.
"ಇದು ಕೊಡತದ್ರಿ ಅಮ್ಮ" ಅಂದ, ರೀಲು ತೋರಿಸಿ.
"ಮೀನ ಜಗ್ಗಿದರ ದಾರ ಕೊಡತದ.
ಓಡು ಅಂತದ, ದಣಿ ಅಂತದ,
ಆಮ್ಯಾಲ ಹಗೂರಕ ವಾಪಸ್ ತಗೋತದ."
ಅತ್ತಿ ಎಲಿ ಉಗುಳಿ,
"ಸಾವುಕಾರಂದೂ ಹಿಂಗೇ" ಅಂದಳು.
ಎಲ್ಲರಕಿಂತ ಜೋರು ನಕ್ಕಾಂವ ಅವನೇ.

ನನಗ ಆಗ ಹನ್ನೆರಡು. ಒಮ್ಮೆ ನನ್ನ ಕೈಯಾಗ ಕೊಟ್ಟ.
ಹಿಡಿಕಿ ತಿರುವಿದರ ಸಣ್ಣ ಸಪ್ಪಳ,
ಗಡಿಯಾರದ ಹೊಟ್ಟಿಗಿ ಕಿವಿ ಹಚ್ಚಿದಂಗ.
ರಾತ್ರಿ ಹಾಸಿಗ್ಯಾಗೂ ನನ್ನ ಬೆರಳು ತಿರುಗತಿದ್ವು.
ಅತ್ತಿಗಿ ಗೊತ್ತಾಗಿತ್ತು. ಏನೂ ಅನ್ಲಿಲ್ಲ.

ಆ ಸಂಜಿ ಆಕಿ ಗಾಳಕ್ಕ ಒಂದು ಜಿಲೇಬಿ ಮೀನ ಬಿದ್ದಿತ್ತು, ಅಂಗೈಯಷ್ಟು.
ಎತ್ತಬೇಕು ಅನ್ನೂದರಾಗ
ಜಿಲೇಬಿಯನ್ನ ಬಾಳಿಮೀನ ನುಂಗಿತು.
ಗಳ ಬಿಲ್ಲಾತು. ಗೆಣ್ಣು ಗೆಣ್ಣು ಚಿಟಿಗುಟ್ಟಿತು.
"ದಾರ ಬಿಡ್ರಿ, ಅಮ್ಮ, ದಾರ ಬಿಡ್ರಿ!"
ದೇವಪುತ್ರ ಅತ್ತಲಿಂದ ಒದರಲತ್ತಾನ.

ಬಿಡಲಾಕ ದಾರ ಎಲ್ಲದ?

ಅತ್ತಿ ಗಳನೇ ಬಿಟ್ಟಳು.
ಒಗೀಲಿಲ್ಲ. ಎರಡೂ ಕೈಲೆ,
ಕೂಸಿನ್ನ ತೊಟ್ಟಿಲಿಗಿ ಹಾಕಿದಂಗ ಹೊಳಿಗಿ ಹಾಕಿದಳು.
ಗಳ ಒಮ್ಮೆ ನೆಟ್ಟಗ ಎದ್ದು ನಿಂತಿತು,
ಮುಳುಗಿತು, ಎದ್ದಿತು,
ಸೆಳವಿಗಿ ಎದುರಾಗಿ ಹೊಂಟಿತು.
ನೀರಿನ ಕೆಳಗ ಯಾವನೋ ಮುದುಕ
ಕೋಲು ಹಿಡಕೊಂಡು ತನ್ನ ಊರಿಗಿ ನಡದಂಗ.
ಅತ್ತಿ ಸೆರಗಿಗಿ ಕೈ ಒರಸಿ ಮನಿ ಕಡೆ ತಿರುಗಿದಳು,
ರೊಟ್ಟಿ ಬಡಿಯೋ ಹೊತ್ತಾಗಿತ್ತು.
ದೇವಪುತ್ರ ಹೊಳಿ ನೋಡಿದ,
ತನ್ನ ಕೈಯಾಗಿಂದು ನೋಡಿಕೊಂಡ,
ಇನ್ನಷ್ಟು ಬಿಗಿ ಹಿಡಕೊಂಡ.

ಮುಂಜಾನಿ ಇಟ್ಟಂಗಿ ಭಟ್ಟಿ ಹಿಂದ, ಆಪಿನ ಪೊದಿಯಾಗ
ಗಳ ಸಿಕ್ಕಿತು. ಇನ್ನೂ ಸಣ್ಣಗ ನಡುಗತಿತ್ತು.
ಅತ್ತಿ ಮೊಣಕಾಲು ಮಟ ಇಳಿದು
ಮಲಗಿದವರನ್ನ ಎಬ್ಬಿಸಿದಂಗ ಎತ್ತಿದಳು.
ಮೀನ ನನ್ನ ಹೆಗಲಿಂದ ನೆಲಕ್ಕ ಬಾಲ ಎಳೀತಿತ್ತು.

ನಾ ಮಾತ್ರ ರೀಲಿನಾಂವನೇ ಆದೆ, ಖರೆ ಹೇಳ್ತೀನಿ.
ಹೋದ ವಾರ ಅದೇ ಮೂರನೇ ಕಂಬದ ನೆರಳಾಗ
ಒಂದು ದೊಡ್ಡದು ಹಿಡಿತು.
ಎಂಬತ್ತು ಮೀಟರ್ ಕೊಟ್ಟೆ. ಎಂಬತ್ತೂ ತಿರುಗಿ ತಗೊಂಡೆ.
ಕಟ್ಲಾ, ಆರು ಕಿಲೋ.
ದಂಡಿಗಿ ಎಳದು ಹಾಕಿ, ಬೀಡಿ ಹಚ್ಚಬೇಕಂದರ
ರಾಡು ಹಿಡಿದ ಬೆರಳು ಬಿಚ್ಚವಲ್ಲವು.
ಇನ್ನೊಂದು ಕೈಲೆ
ಒಂದೊಂದೇ ಬಿಡಿಸಿದೆ.